ಬ್ಯಾಂಕಿನಲ್ಲಿ ಪರಿಚಯವಾದ 1971ರ ಸೈನಿಕರೊಬ್ಬರ ನೆನಪುಗಳನ್ನು ಹೇಗೆ ಬರೆದಿಡಬೇಕು?

ಪ್ರಶ್ನೆ – ಕೊಪ್ಪಳ_ಓದುಗ

ಪ್ರತಿ ನವೆಂಬರ್‌ನಲ್ಲಿ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡಲು ಬರುವುದರಿಂದ ಕೊಪ್ಪಳದ ಬ್ಯಾಂಕುಗಳಲ್ಲಿ ಹಿರಿಯರ ದೊಡ್ಡ ಸಾಲೇ ಇರುತ್ತದೆ. ಕಳೆದ ಸಲ ತಾಯಿಯವರನ್ನು ಕರೆದುಕೊಂಡು ಹೋಗಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ಅಜ್ಜನವರೊಬ್ಬರು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ ಸೇನೆಯ ಡಿಸ್‌ಚಾರ್ಜ್ ಬುಕ್ ತೆಗೆದದ್ದನ್ನು ಕಂಡು ಮಾತನಾಡಿಸಿದೆ. ಅವರು ಬೆಳಗಾವಿಯಲ್ಲಿ ಭರ್ತಿಯಾಗಿ, ಮರಾಠಾ ಲೈಟ್ ಇನ್‌ಫೆಂಟ್ರಿ ಸೇರಿ, 1971ರಲ್ಲಿ ಆಗಿನ ಪೂರ್ವ ಪಾಕಿಸ್ತಾನದ ಜಮಾಲ್‌ಪುರದಲ್ಲಿ ಹೋರಾಡಿದವರು. ಅಂದಿನಿಂದ ಅವರ ಊರಿಗೆ ಆಗಾಗ ಹೋಗಿ ಅವರ ಮಾತು ಕೇಳುತ್ತಿದ್ದೇನೆ.

ಅಲ್ಲಿನ ರೈತರು ತಮ್ಮ ಗಾಡಿಗಳಲ್ಲಿ ಸೇನೆಯ ಸಾಮಾನು ಹೊತ್ತು ತಂದದ್ದು, ಆ ಎತ್ತುಗಳು ನಮ್ಮ ಕಡೆಯ ಎತ್ತುಗಳಿಗಿಂತ ಸಣ್ಣವಿದ್ದದ್ದು, ಡಿಸೆಂಬರ್ ಚಳಿಯಲ್ಲಿ ಒದ್ದೆ ಬೂಟಿನಲ್ಲೇ ರಾತ್ರಿ ಕಳೆದದ್ದು, ಇವನ್ನೆಲ್ಲ ಅವರು ಬಹಳ ಸ್ಪಷ್ಟವಾಗಿ ಹೇಳುತ್ತಾರೆ. ಆದರೆ ಮೂರು ಸಂಗತಿಗಳ ಬಗ್ಗೆ ನನಗೆ ಗೊಂದಲವಿದೆ. ಶರಣಾಗಿರೆಂದು ನಮ್ಮವರು ಕಳಿಸಿದ ಪತ್ರಕ್ಕೆ ಉತ್ತರವಾಗಿ ವೈರಿಗಳು ಚೀಟಿಯಲ್ಲಿ ಗುಂಡು ಸುತ್ತಿ ಕಳಿಸಿದರು ಎನ್ನುತ್ತಾರೆ. "ಹದಿನಾರನೇ ತಾರೀಖು ಮುಂಜಾನೇನ ಎಲ್ಲಾ ಮುಗದಿತ್ತು" ಎನ್ನುತ್ತಾರೆ, ಆದರೆ ಪಾಕಿಸ್ತಾನಿ ಸೇನೆಯ ಶರಣಾಗತಿ ಪತ್ರಕ್ಕೆ ಢಾಕಾದಲ್ಲಿ ಸಹಿ ಬಿದ್ದದ್ದು ಆ ದಿನ ಸಂಜೆ. ಆ ಸಮಾರಂಭದಲ್ಲಿ ನಮ್ಮ ಆಗಿನ ಸೇನಾ ಮುಖ್ಯಸ್ಥ ಮಾಣೆಕ್‌ಷಾ ಅವರನ್ನು ಕಣ್ಣಾರೆ ಕಂಡೆ ಎಂದೂ ಹೇಳುತ್ತಾರೆ. "ಅಜ್ಜಗ ಈಗ ಮರವು ಜಾಸ್ತಿ ಆಗೇತ್ರಿ" ಎಂದು ಮೊಮ್ಮಗ ಅವರ ಎದುರಿಗೇ ಹೇಳಿದಾಗ ಅವರು ಮಾತು ನಿಲ್ಲಿಸಿದ್ದು ನನಗೆ ತುಂಬ ನೋವು ತಂದಿತು.

ಇಂಥವನ್ನು ಅವರು ಹೇಳಿದಂತೆಯೇ ಬರೆಯಬೇಕೇ, ತಿದ್ದಿ ಬರೆಯಬೇಕೇ? ಜೊತೆಗೆ, ಜಮಾಲ್‌ಪುರದಲ್ಲಿ ತೀರಿಕೊಂಡ ಗೆಳೆಯರೊಬ್ಬರ ಹೆಸರು ಹೇಳಿ, "ಅದನ್ನ ಬರೀಬ್ಯಾಡ್ರಿ" ಎಂದಿದ್ದಾರೆ. ಅದಕ್ಕೇನು ಮಾಡಲಿ?

ಉತ್ತರ – ರಾಯಚೂರು_ಇತಿಹಾಸ

ಮೊಮ್ಮಗನಿಗೆ ದಯವಿಟ್ಟು ಇದನ್ನು ಓದಿ ಹೇಳಿ: ಗುಂಡು ಸುತ್ತಿದ ಚೀಟಿಯ ಮಾತು ಕಟ್ಟುಕಥೆಯಲ್ಲ. ಜಮಾಲ್‌ಪುರವನ್ನು ಸುತ್ತುವರಿದಿದ್ದ 95ನೇ ಮೌಂಟನ್ ಬ್ರಿಗೇಡಿನ ಬ್ರಿಗೇಡಿಯರ್ ಹರದೇವ್ ಸಿಂಗ್ ಕ್ಲೇರ್ ಅವರು ಶರಣಾಗುವಂತೆ ಪತ್ರ ಬರೆದಾಗ, ಪಾಕಿಸ್ತಾನದ 31 ಬಲೂಚ್ ಪಡೆಯ ಅಧಿಕಾರಿ ತಮ್ಮ ಉತ್ತರದ ಜೊತೆಗೆ ಒಂದು ಗುಂಡನ್ನೂ ಇಟ್ಟು ಕಳಿಸಿದ್ದು ಯುದ್ಧದ ದಾಖಲೆಯಲ್ಲಿರುವ ಸಂಗತಿ. ಡಿಸೆಂಬರ್ 10ರ ರಾತ್ರಿ ಆ ಪಡೆ ಪಟ್ಟಣ ಬಿಟ್ಟು ತಪ್ಪಿಸಿಕೊಳ್ಳಲು ಹೊರಟಾಗ ದಾರಿಗೆ ಅಡ್ಡವಾಗಿ ನಿಂತದ್ದೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದನೇ ಬೆಟಾಲಿಯನ್. ನಿಮ್ಮ ಅಜ್ಜನವರು ಇದ್ದದ್ದು ಅದೇ ಪಲ್ಟನ್ನಿನಲ್ಲೇ ಎಂಬುದನ್ನು ಡಿಸ್‌ಚಾರ್ಜ್ ಬುಕ್ಕಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ.

"ಮುಂಜಾನೇನ ಮುಗದಿತ್ತು" ಎಂಬುದನ್ನೂ ನಾನು ತಪ್ಪೆನ್ನಲಾರೆ. ಡಿಸೆಂಬರ್ 11ರಂದು ಟಾಂಗೈಲ್‌ನಲ್ಲಿ ಪ್ಯಾರಾಶೂಟಿನಿಂದ ಇಳಿದಿದ್ದ ನಮ್ಮ 2 ಪ್ಯಾರಾ ಪಡೆ 16ರ ಬೆಳಿಗ್ಗೆ ಢಾಕಾದ ಅಂಚಿನ ಮೀರ್‌ಪುರ ಸೇತುವೆಯ ಬಳಿ ನಿಂತಿತ್ತು. ನಮ್ಮ ಸೇನೆಯ ಮೇಜರ್ ಜನರಲ್ ನಾಗ್ರಾ ಅಲ್ಲಿಂದಲೇ, ಪೂರ್ವ ಪಾಕಿಸ್ತಾನದಲ್ಲಿದ್ದ ಪಾಕಿಸ್ತಾನಿ ಸೇನೆಯ ಮುಖ್ಯಸ್ಥ ನಿಯಾಜಿಗೆ ಚೀಟಿ ಕಳಿಸಿ, ಮಧ್ಯಾಹ್ನಕ್ಕೆ ಮೊದಲೇ ನಗರವನ್ನು ಪ್ರವೇಶಿಸಿದರು. ರಮ್ನಾ ರೇಸ್‌ಕೋರ್ಸ್ ಮೈದಾನದಲ್ಲಿ ಸಹಿಯಾದದ್ದು ಸಂಜೆ ನಾಲ್ಕೂವರೆಯ ಸುಮಾರಿಗೆ. ಪುಸ್ತಕಗಳು ಸಹಿಯ ಹೊತ್ತನ್ನು ಹೇಳುತ್ತವೆ. ಉತ್ತರ ದಿಕ್ಕಿನಿಂದ ಬಂದ ಜವಾನರಿಗೆ ಗುಂಡಿನ ಸದ್ದು ನಿಂತ ಹೊತ್ತೇ ಯುದ್ಧ ಮುಗಿದ ಹೊತ್ತು.

ಮಾಣೆಕ್‌ಷಾ ಅವರ ವಿಷಯ ಬೇರೆ. ಅವರು ಆ ದಿನ ಢಾಕಾದಲ್ಲಿ ಇರಲಿಲ್ಲ. ನಿಯಾಜಿ ಶರಣಾದದ್ದು ನಮ್ಮ ಪೂರ್ವ ಕಮಾಂಡಿನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಜಗಜೀತ್ ಸಿಂಗ್ ಅರೋರಾ ಅವರಿಗೆ. ಐದು ದಶಕ ಒಂದೇ ಕಥೆಯನ್ನು ಹೇಳುತ್ತ ಬಂದವರ ಮನಸ್ಸಿನಲ್ಲಿ, ಆಮೇಲೆ ಕಂಡ ಚಿತ್ರಗಳೂ ಪತ್ರಿಕೆಯಲ್ಲಿ ಓದಿದ ಹೆಸರುಗಳೂ ಸೇರಿಕೊಳ್ಳುವುದು ಸಹಜ. ಅವರ ಮಾತನ್ನು ಅವರ ಭಾಷೆಯಲ್ಲೇ ಬರೆಯಿರಿ, ದಾಖಲೆ ಹೇಳುವುದನ್ನು ಅದೇ ಪುಟದ ಕೆಳಗೆ ನಿಮ್ಮ ಟಿಪ್ಪಣಿಯಾಗಿ ಬೇರೆಯೇ ಇಡಿ. ಎರಡನ್ನೂ ಬೆರೆಸಿ ಒಂದು ಮಾಡಿದರೆ ಮುಂದೆ ಓದುವವರಿಗೆ ಯಾವುದು ಯಾರದೆಂದು ತಿಳಿಯುವುದಿಲ್ಲ. ಪುಸ್ತಕ ಹಿಡಿದು ಅವರನ್ನು ತಿದ್ದಲು ಮಾತ್ರ ಹೋಗಬೇಡಿ.

ಇನ್ನೊಂದು ಮಾತು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅವರು ಭರ್ತಿಯಾದಾಗ ನಿಮ್ಮೂರು ರಾಯಚೂರು ಜಿಲ್ಲೆಯಲ್ಲಿತ್ತು. ಹಳೆಯ ಕಾಗದಗಳನ್ನು ಹುಡುಕುವಾಗ ರಾಯಚೂರಿನ ಹೆಸರಿನಲ್ಲೂ ಹುಡುಕಿ.

ಉತ್ತರ – ಕೌಲ್‌ಬಜಾರ್_ಬಳ್ಳಾರಿ

ನಮ್ಮ ತಂದೆಯವರು 1965ರ ಯುದ್ಧದಲ್ಲಿ ಪಂಜಾಬ್ ಗಡಿಯಲ್ಲಿದ್ದರು, ಈಗಿಲ್ಲ. ಅವರು ಬದುಕಿದ್ದಾಗ ಮನೆಗೆ ಬಂದ ಹುಡುಗರು ಮೊದಲು ಕೇಳುತ್ತಿದ್ದ ಪ್ರಶ್ನೆ "ಎಷ್ಟು ಜನರನ್ನು ಹೊಡೆದಿರಿ?" ಎಂಬುದು, ಮತ್ತು ಅದನ್ನು ಕೇಳಿದ ಕೂಡಲೇ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಆದರೆ ಊಟದಲ್ಲಿ ಏನಿರುತ್ತಿತ್ತು, ರೊಟ್ಟಿ ತಿಂದು ಬೆಳೆದವರಿಗೆ ಅದು ಹಿಡಿಸಿತೇ, ಕನ್ನಡ ಮಾತನಾಡುವವರು ಪಲ್ಟನ್ನಿನಲ್ಲಿ ಇನ್ನಾರಿದ್ದರು ಎಂದು ಕೇಳಿದವರ ಹತ್ತಿರ ರಾತ್ರಿಯವರೆಗೂ ಕುಳಿತು ಮಾತನಾಡಿದ್ದಾರೆ.

ಅಜ್ಜಿಯವರು ಇದ್ದರೆ ಅವರನ್ನೂ ಕೇಳಿ ಎಂದು ಕೈಮುಗಿದು ಹೇಳುತ್ತೇನೆ. ಯುದ್ಧದ ನೆನಪು ಮನೆಯಲ್ಲಿ ಉಳಿದವರದೂ ಹೌದು, ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಗಂಡ ಎಲ್ಲಿದ್ದಾನೆಂದು ಹೆಂಡತಿಗೆ ತಿಳಿಯುತ್ತಿರಲಿಲ್ಲ. ಪಶ್ಚಿಮದಲ್ಲಿದ್ದವರಿಗೆ 56 ಎ.ಪಿ.ಒ., ಪೂರ್ವದಲ್ಲಿದ್ದವರಿಗೆ 99 ಎ.ಪಿ.ಒ. ಎಂಬ ಸೇನಾ ಅಂಚೆಯ ವಿಳಾಸವಷ್ಟೇ ಗೊತ್ತು. ನಮ್ಮ ತಾಯಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಪೋಸ್ಟ್‌ಮನ್ನನೇ ಪತ್ರ ಓದಿ ಹೇಳಬೇಕಿತ್ತು, ಮನಿಯಾರ್ಡರ್ ತಡವಾದ ತಿಂಗಳು ಅವರಿಗೆ ನಿದ್ದೆಯೇ ಬರುತ್ತಿರಲಿಲ್ಲ. ಟೆಲಿಗ್ರಾಂ ಎಂಬ ಮಾತು ಕೇಳಿದರೆ ಕೊನೆಯವರೆಗೂ ಅವರ ಕೈ ನಡುಗುತ್ತಿತ್ತು.

ತೀರಿಕೊಂಡ ಗೆಳೆಯರ ಹೆಸರನ್ನು ಬರೆಯಬೇಡಿ. ಬೇಡವೆಂದಮೇಲೆ ಬೇಡವೇ. ಬರೆದದ್ದನ್ನೆಲ್ಲ ಅವರಿಗೆ ಒಮ್ಮೆ ಓದಿ ಹೇಳಿ, ಬೇಡವೆಂದ ಸಾಲುಗಳನ್ನು ಅವರ ಎದುರಿಗೇ ಹೊಡೆದುಹಾಕಿ. ಆ ಹೆಸರನ್ನು ಬರೆಯಲು ಮುಂದೊಂದು ದಿನ ಅವರೇ ಹೇಳಬಹುದು. ಹೇಳದಿದ್ದರೆ ಅದು ಅವರಲ್ಲೇ ಉಳಿಯಲಿ.

ಉತ್ತರ – ಸಿಂಧನೂರು_ಕ್ಯಾಂಪ್

ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ನಮ್ಮ ಸಿಂಧನೂರು ತಾಲ್ಲೂಕಿನ ಆರ್‌.ಎಚ್. ಕ್ಯಾಂಪುಗಳಲ್ಲಿ (ಪುನರ್ವಸತಿ ಶಿಬಿರಗಳಲ್ಲಿ) ನೆಲೆಸಿರುವುದು ಈ ಭಾಗದವರಿಗೆಲ್ಲ ಗೊತ್ತು. ಕೆಲವು ವರ್ಷಗಳ ಹಿಂದೆ ಇಲ್ಲಿನ ಚಹಾದಂಗಡಿಯಲ್ಲಿ, 1971ರಲ್ಲಿ ಪೂರ್ವ ಗಡಿಯಲ್ಲಿದ್ದ ನಮ್ಮ ಕಡೆಯ ಮಾಜಿ ಸೈನಿಕರೊಬ್ಬರು, ಕ್ಯಾಂಪಿನ ಹಿರಿಯರು ಮಾತನಾಡುವುದನ್ನು ಕೇಳಿ, ಆಗ ಕಲಿತಿದ್ದ ಬಂಗಾಳಿಯ ನಾಲ್ಕು ಮಾತುಗಳನ್ನು ಆಡಿದರು. ಆ ಹಿರಿಯರು ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಬಿಟ್ಟುಬಂದ ಊರಿನ ನದಿ, ಮನೆ, ದಾರಿಗಳನ್ನೆಲ್ಲ ವಿಚಾರಿಸಿದರು. ಸೈನಿಕರಿಗೆ ಆ ಊರು ಗೊತ್ತಿರಲಿಲ್ಲ, ಆದರೂ ಅವರಿಬ್ಬರೂ ಬಹಳ ಹೊತ್ತು ಕುಳಿತಿದ್ದರು. ಅಂಥವರಿಬ್ಬರನ್ನು ಸೇರಿಸಿದರೆ, ನಮ್ಮಂಥವರು ಕೇಳಲು ಹೊಳೆಯದ ಪ್ರಶ್ನೆಗಳನ್ನು ಅವರೇ ಒಬ್ಬರನ್ನೊಬ್ಬರು ಕೇಳುತ್ತಾರೆ.

ಜಮಾಲ್‌ಪುರ ಆಗ ಮೈಮನ್‌ಸಿಂಗ್ ಜಿಲ್ಲೆಯಲ್ಲಿತ್ತು. ಅಜ್ಜನವರು ಹಾದುಹೋದ ಹಳ್ಳಿಗಳ ಹೆಸರುಗಳಲ್ಲಿ ನೆನಪಿರುವಷ್ಟನ್ನು ಇಲ್ಲಿ ಬರೆಯಿರಿ, ಆ ಕಡೆಯಿಂದ ಬಂದ ಕುಟುಂಬಗಳು ಇವೆಯೇ ಎಂದು ನಾನು ಕ್ಯಾಂಪುಗಳಲ್ಲಿ ವಿಚಾರಿಸುತ್ತೇನೆ. ಇದ್ದರೆ, ಮತ್ತು ಅಜ್ಜನವರು ಒಪ್ಪಿದರೆ, ಅವರನ್ನು ಕರೆದುಕೊಂಡು ಬನ್ನಿ. ಗಂಗಾವತಿ, ಕಾರಟಗಿಯ ಮೇಲೆ ನೇರ ಬಸ್ಸಿದೆ, ಊಟ ನಮ್ಮ ಮನೆಯಲ್ಲೇ ಆಗಲಿ.