ಅಪ್‌ಡೇಟ್: ಬಿಳಿಚಿದ್ದ ಕೋರಲೈನ್ ಪಾಚಿ ಮತ್ತೆ ಬಣ್ಣ ಹಿಡಿಯುತ್ತಿದೆ

ಹೊಸ ಎಲ್‌ಇಡಿ ಹಾಕಿದ ಎರಡೇ ವಾರಕ್ಕೆ ನನ್ನ ರೀಫ್ ಟ್ಯಾಂಕಿನ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಕಲ್ಲುಗಳ ಮೇಲೆ ಗಟ್ಟಿ ಪದರವಾಗಿ ಬೆಳೆಯುವ ನೇರಳೆ ಕೋರಲೈನ್ ಪಾಚಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಆ ಪದರ ಕಟ್ಟೋಕೆ ಪಾಚಿಗೆ ಬೇಕಾದ ಕ್ಯಾಲ್ಸಿಯಂ ನೀರಲ್ಲಿ ಕಡಿಮೆ ಇರಬೇಕು ಅಂತ ನನ್ನ ಅನುಮಾನ ಇತ್ತು. ನೀವು ಹೇಳಿದ ಹಾಗೆ ಟೆಸ್ಟ್ ಮಾಡಿದೆ. ಕ್ಯಾಲ್ಸಿಯಂ 420, ಮೆಗ್ನೀಸಿಯಂ 1320 ಪಿಪಿಎಂ, ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) 8.5 ಡಿಕೆಎಚ್ (ಅದನ್ನು ಅಳೆಯುವ ಮಾನ). ಎಲ್ಲಾ ಸರಿಯಾಗೇ ಇತ್ತು.

ತೊಂದರೆ ಬೆಳಕಿನದ್ದೇ. ಮಂದ ದೀಪದಿಂದ ಒಂದೇ ಸಲ ಪೂರ್ತಿ ಬೆಳಕಿಗೆ ಹೋಗಿಬಿಟ್ಟಿದ್ದೆ. ಕೋರಲೈನ್ ಕೆಂಪು ಪಾಚಿಗಳ ಗುಂಪಿನದು. ಅದರಲ್ಲಿ ಎಷ್ಟೋ ಬಗೆಗಳಿಗೆ ಕಡಿಮೆ ಬೆಳಕೇ ಸಾಕು. ಮೇಲಿನ ಕಲ್ಲು ಬೆಳ್ಳಗಾದಾಗಲೂ ಪಂಪಿನ ಹಿಂದೆ, ಕಲ್ಲಿನ ಅಡಿಯ ನೆರಳಿನಲ್ಲಿದ್ದ ಪಾಚಿಗೆ ಏನೂ ಆಗಿರಲಿಲ್ಲ. ಆ ಸುಳಿವನ್ನು ನಾನು ಗಮನಿಸಿರಲೇ ಇಲ್ಲ.

ಬೆಳಕನ್ನು 40%ಗೆ ಇಳಿಸಿ, ವಾರಕ್ಕೆ 5% ಏರಿಸುತ್ತಾ ಬಂದೆ. ಈಗ 65%. ನಿನ್ನೆ ಭೂತಗನ್ನಡಿ ಹಿಡಿದು ನೋಡಿದೆ. ಬಿಳಿ ಕಲ್ಲಿನ ಮೇಲೆ ಸಾಸಿವೆ ಕಾಳಿನಷ್ಟು ಗುಲಾಬಿ ಚುಕ್ಕೆಗಳು! ಬೆಳೆಯುತ್ತಿರುವ ಅಂಚು ಮಾತ್ರ ತೆಳು ಬಿಳಿ. ಎಷ್ಟು ಖುಷಿಯಾಯಿತು ಗೊತ್ತಾ?

ಮೇಲ್ಗಡೆ ಇರುವ ಅಕ್ರೊಪೊರಾ ಹವಳಕ್ಕೆ ಜಾಸ್ತಿ ಬೆಳಕು ಬೇಕು, ಹಾಗಾಗಿ ನಿಧಾನವಾಗಿ 80%ವರೆಗೆ ಹೋಗುತ್ತೇನೆ. ಸುಮ್ನೆ ಕ್ಯಾಲ್ಸಿಯಂ ಸುರಿಯಬೇಡಿ ಅಂತ ತಡೆದವರಿಗೆ ತುಂಬಾ ಥ್ಯಾಂಕ್ಸ್.