ಪದಚರ್ಚೆ: ಎದೆಬಡಿತದ ‘ಏರುಪೇರು’ ಸರಿಯೇ, ‘ತಾಳ ತಪ್ಪು’ ನಡೆಯುತ್ತದೆಯೇ?

ಬಳಗದವರಿಗೆಲ್ಲ ಕಲಬುರಗಿಯಿಂದ ನಮಸ್ಕಾರ.

ಇಲ್ಲಿನ ಡಾಕ್ಟರ್ ಗೆಳೆಯರೊಬ್ಬರು ಒಂದು ಹಾಳೆಯ ಕನ್ನಡ ತಿದ್ದಿಕೊಡಿ ಅಂತ ಕೇಳಿದ್ದಾರೆ. ಎದೆಯ ರಕ್ತನಾಳಕ್ಕೆ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡವರು, ಬೈಪಾಸ್ ಆಪರೇಷನ್ ಆದವರು ಮನೆಗೆ ಹೊರಡುವಾಗ ಅವರ ಕೈಗೆ ಕೊಡುವ ಹಾಳೆ ಅದು. ಅದರಲ್ಲಿ ‘ಅರಿದ್ಮಿಯಾ’ಕ್ಕೆ, ಅಂದರೆ ಎದೆಬಡಿತ ಕೆಡುವುದಕ್ಕೆ, ‘ಹೃದಯ ಬಡಿತದಲ್ಲಿ ಏರುಪೇರು’ ಅಂತ ಬರೆದಿದ್ದಾರೆ. ಪತ್ರಿಕೆಗಳಲ್ಲೂ ಹೀಗೇ ಬರುತ್ತದೆ. ನನಗೆ ಮಾತ್ರ ಇದು ಸರಿ ಅನ್ನಿಸುತ್ತಿಲ್ಲ.

ಏರುಪೇರು ಅಂದರೆ ಹೆಚ್ಚುಕಡಿಮೆ, ಅಷ್ಟೇ ಅಲ್ವಾ? ಮೆಟ್ಟಿಲು ಹತ್ತಿದರೆ ಬಡಿತ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಸುಮ್ನೆ ಕೂತಾಗ ನಿಮಿಷಕ್ಕೆ 60ರಿಂದ 100ರೊಳಗೆ ಎಲ್ಲಿದ್ದರೂ ಸರಿಯೇ. ಇನ್ನೊಂದು ತೊಡಕೂ ಇದೆ. ನಮ್ಮ ಕಡೆ ಏರುಪೇರು ಅಂದ ಕೂಡಲೇ ಜನಕ್ಕೆ ನೆನಪಾಗುವುದು ಬಿಪಿ. ಬಿಪಿ ನೋಡಿಸುತ್ತಾರೆ, ‘ನಾರ್ಮಲ್ ಅದ’ ಅಂತ ಮಾತ್ರೆ ಡಬ್ಬಿ ಮುಚ್ಚಿಡುತ್ತಾರೆ.

ಹಾಳೆ ಹೇಳಬೇಕಾಗಿರುವುದು ಬೇರೆಯದು. ಬೈಪಾಸ್ ಆದ 100 ಜನರಲ್ಲಿ ಹೆಚ್ಚುಕಡಿಮೆ 20ರಿಂದ 40 ಜನರಿಗೆ ‘ಏಟ್ರಿಯಲ್ ಫಿಬ್ರಿಲೇಶನ್’ ಅನ್ನುವ ಒಂದು ಬಗೆಯ ಅರಿದ್ಮಿಯಾ ಕಾಣಿಸಿಕೊಳ್ಳುತ್ತದೆ. ಜಾಸ್ತಿ ಕಾಣುವುದು ಆಪರೇಷನ್ ಆಗಿ ಎರಡನೆಯ, ಮೂರನೆಯ ದಿನ. ಸ್ಟೆಂಟ್ ಹಾಕಿಸಿಕೊಳ್ಳಲು ಬರುವವರಲ್ಲೂ ಕೆಲವರಿಗೆ ಮೊದಲಿಂದಲೇ ಇರುತ್ತದೆ. ಹೃದಯದ ಮೇಲಿನ ಕೋಣೆಗಳು, ಶಾಲೆಯ ಪುಸ್ತಕ ಹೃತ್ಕರ್ಣ ಅನ್ನುತ್ತದಲ್ಲ ಅವು, ರಕ್ತವನ್ನು ಹಿಂಡುವುದು ಬಿಟ್ಟು ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಅದುರತೊಡಗುತ್ತವೆ. ಆ ಅದುರಾಟ ಪೂರ್ತಿಯಾಗಿ ಕೆಳಗಿನ ಕೋಣೆಗೆ ದಾಟುವುದಿಲ್ಲ. ಅಷ್ಟಿಷ್ಟು ದಾಟುತ್ತದೆ, ಅದೂ ಹೊತ್ತುಗೊತ್ತಿಲ್ಲದೆ. ನಾಡಿ ಹಿಡಿದರೆ ಒಂದು ಬಡಿತ ಬೇಗ, ಇನ್ನೊಂದು ತಡ, ಒಂದು ಜೋರು, ಮತ್ತೊಂದು ಮೆಲ್ಲಗೆ. ಮಜಾ ಅಂದರೆ ಎಣಿಸಿ ನೋಡಿದರೆ ಒಟ್ಟು 80 ಬರಬಹುದು. ಎಣಿಕೆ ಸರಿ ಇದೆ, ಕೆಟ್ಟಿರುವುದು ತಾಳ. ಇದನ್ನು ಏರುಪೇರು ಅಂದರೆ ಓದಿದವರಿಗೆ ಏನು ತಿಳಿಯಬೇಕು? ಹೀಗೆ ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವಾ ಹೊಡೆಯುತ್ತದೆ. ಹಾಗಾಗಿ ಈ ಪದ ಮನೆಯವರಿಗೆ ಅರ್ಥ ಆಗಲೇಬೇಕು.

ಬೇರೆ ಪದಗಳನ್ನೂ ನೋಡಿದೆ. ‘ಅಕ್ರಮ ಬಡಿತ’ ಬೇಡವೇ ಬೇಡ. ಅಕ್ರಮ ಮರಳು, ಅಕ್ರಮ ಕಟ್ಟಡ ಓದಿದ ಕಣ್ಣಿಗೆ ಪೊಲೀಸರು ಬರಬೇಕಾದ ಬಡಿತ ಅನ್ನಿಸುತ್ತದೆ. ‘ಅನಿಯಮಿತ’ ತಪ್ಪಲ್ಲ, ಆದರೆ ಹಾಳೆ ಓದುವವರು ಆ ಸಾಲು ಹಾರಿಸುತ್ತಾರೆ. ‘ಲಯ’ ನನಗೂ ಇಷ್ಟ. ‘ಲಯ ತಪ್ಪಿದೆ’ ಅಂದರೆ ಚೆನ್ನಾಗಿಯೇ ಇದೆ. ಆದರೆ ಸೃಷ್ಟಿ, ಸ್ಥಿತಿ ಆದ ಮೇಲೆ ಬರುವ ಲಯವೂ ಅದೇ. ಪುರಾಣ ಕೇಳಿ ಬೆಳೆದ ಅಜ್ಜನ ಮುಂದೆ ‘ನಿಮ್ಮ ಹೃದಯದ ಲಯ’ ಅಂತ ಶುರು ಮಾಡಿದರೆ ಪಕ್ಕದಲ್ಲಿ ಕೂತವರು ಅಳಲು ಶುರು ಮಾಡಬಹುದು! ‘ಮಿಡಿತ’ ಕವಿತೆಯ ಪದ. ‘ಬಡಿತ’ ಇರಲಿ, ಆದರೆ ಕ್ರಿಯಾಪದ ಮಾಡುವಾಗ ಜೋಪಾನ. ‘ಎದೆ ಬಡಿದುಕೊಳ್ಳುತ್ತದೆ’ ಅಂದರೆ ಸತ್ತವರ ಮನೆ ನೆನಪಾಗುತ್ತದೆ. ಅದಕ್ಕೇ ಇರಬೇಕು, ನಮ್ಮ ಕಡೆಯವರು ‘ಎದಿ ಹೊಡ್ಕೊಳ್ಳಲತ್ತದ’ ಅನ್ನುತ್ತಾರೆ.

ಇನ್ನು ನಮ್ಮ ಭಾಗದ ಮಾತು. ಹಿಂದೆ ಎದೆಯ ಚಿಕಿತ್ಸೆಗೆ ಸೊಲ್ಲಾಪುರ, ಹೈದರಾಬಾದ್ ಅಂತ ಓಡಬೇಕಿತ್ತು. ಈಗ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. 2024ರ ಡಿಸೆಂಬರಿನಲ್ಲಿ ಅದರ 371 ಹಾಸಿಗೆಯ ಹೊಸ ಕಟ್ಟಡವೂ ಉದ್ಘಾಟನೆ ಆಯಿತು. (ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ನೆಯ ಜೆ ಕಲಮಿನ ನೆನಪಿಗೆ ಅಷ್ಟೇ ಹಾಸಿಗೆ!) ಹಾಗಾಗಿ ಇಲ್ಲಿನ ರೋಗಿಗಳು ತಮ್ಮ ನೋವನ್ನು ತಮ್ಮ ಮಾತಿನಲ್ಲೇ ಹೇಳುತ್ತಾರೆ. ಕೇಳುವ ಡಾಕ್ಟರು ಮಾತ್ರ ಮೈಸೂರು ಕಡೆಯವರೂ ಇರಬಹುದು, ಮಂಗಳೂರಿನವರೂ ಇರಬಹುದು. ಅಲ್ಲೇ ಎಡವಟ್ಟು.

‘ಘಾಬ್ರಿ’ ತೆಗೆದುಕೊಳ್ಳಿ. ಆ ಕಡೆಯವರಿಗೆ ಗಾಬರಿ ಅಂದರೆ ಬರೀ ಹೆದರಿಕೆ. ಕಲಬುರಗಿ, ಬೀದರ್ ಕಡೆ ‘ಘಾಬ್ರಿ ಆಗ್ಲತ್ತದ್ರಿ’ ಅಂದರೆ ಹೆದರಿಕೆಯೂ ಹೌದು, ಎದೆ ಹೊಡೆದುಕೊಂಡು ಜೀವ ಕಸಿವಿಸಿ ಆಗುವುದೂ ಹೌದು. ಉರ್ದು ಮಾತಾಡುವವರ ‘ಘಬರಾಹಟ್’ನಲ್ಲೂ ಈ ಎರಡೂ ಅರ್ಥ ಇವೆ. ಸ್ಟೆಂಟ್ ಹಾಕಿದ ಮರುದಿನ ರೋಗಿ ಘಾಬ್ರಿ ಅಂದರೆ ‘ಹೆದರಬೇಡಿ ಅಜ್ಜಾ’ ಅಂತ ಬೆನ್ನು ತಟ್ಟಿ ಹೋಗುವ ಮಾತಲ್ಲ ಅದು. ಇಸಿಜಿ ತೆಗೆಯಬೇಕಾದ ಮಾತು.

ಸದ್ದಿನ ಪದಗಳಂತೂ ಇನ್ನೂ ಚುರುಕು. ‘ಡವಡವ’ ಅಂದರೆ ಜೋರಾದ, ಆದರೆ ಒಂದೇ ಸಮನೆ ಬಡಿತ. ‘ಧಸಕ್ ಅಂತದ’ ಅಂದರೆ ನಡುವೆ ಒಂದು ಏಟು. ಇದನ್ನು ಡಾಕ್ಟರ್ ಗೆಳೆಯರಿಗೆ ಹೇಳಿದಾಗ ಅವರು ಹಿಗ್ಗಿದರು. ಹೊತ್ತಿಗೆ ಮುಂಚೆ ಒಂದು ಸಣ್ಣ ಬಡಿತ ಬರುತ್ತದಂತೆ, ಆಮೇಲೆ ಚೂರು ಬಿಡುವು, ಅದರ ಹಿಂದೆ ಬರುವ ಬಡಿತ ಜೋರು. ರೋಗಿಗೆ ಗೊತ್ತಾಗುವುದು ಆ ಜೋರು ಬಡಿತವೇ. ‘ಫಡಫಡ’ ಅಂದರೆ ಹಿಡಿದ ಹಕ್ಕಿ ರೆಕ್ಕೆ ಬಡಿದ ಹಾಗೆ, ಅಳತೆಯೇ ಇಲ್ಲ. ಸದ್ದು ಕೇಳಿಯೇ ರೋಗ ಹೇಳಲು ಆಗುವುದಿಲ್ಲ ನಿಜ. ಆದರೆ ಏನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ. ಏರುಪೇರು ಇವೆಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ.

ಹಾಗಾಗಿ ‘ತಾಳ ತಪ್ಪಿದ ಬಡಿತ’ ಅಂತ ಬರೆದುಕೊಟ್ಟೆ. ಊರೂರಲ್ಲಿ ಭಜನೆ ಇದೆ, ತಾಳ ತಪ್ಪುವುದು ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಳೆಯ ಸಾಲು ಹೀಗಿದೆ: ‘ಕೈನಾಡಿ ಹಿಡಿದು ನೋಡಿ. ತಾಳ ತಪ್ಪಿ ಬಡಿಯುತ್ತಿದ್ದರೆ, ಎಣಿಕೆ ಸರಿ ಇದ್ದರೂ ಬಂದು ತೋರಿಸಿ.’

ಡಾಕ್ಟರ್ ಗೆಳೆಯರು ಒಂದು ತಕರಾರು ತೆಗೆದರು. ಅರಿದ್ಮಿಯಾ ಅಂದರೆ ತಾಳ ತಪ್ಪುವುದೊಂದೇ ಅಲ್ಲ. ಕೆಳಗಿನ ಕೋಣೆ ತಾಳ ತಪ್ಪದೆಯೇ ವಿಪರೀತ ವೇಗವಾಗಿ ಬಡಿಯಬಹುದು, ಅದು ಇನ್ನೂ ಅಪಾಯ. ಹೃದಯಕ್ಕೆ ರಕ್ತ ಕೊಡುವ ಬಲಗಡೆಯ ನಾಳ ಮುಚ್ಚಿದರೆ ಬಡಿತ ತೀರಾ ನಿಧಾನ ಆಗುವುದುಂಟು. ಬಡಿತಕ್ಕೆ ಚಾಲನೆ ಕೊಡುವ ಗಂಟಿಗೆ ಹೆಚ್ಚಿನ ಜನರಲ್ಲಿ ರಕ್ತ ಹೋಗುವುದು ಅಲ್ಲಿಂದಲೇ. ಮುಚ್ಚಿದ ನಾಳ ತೆರೆದು ರಕ್ತ ಮತ್ತೆ ಹರಿದಾಗಲೂ ಸ್ವಲ್ಪ ಹೊತ್ತು ಬೇರೆ ಥರದ ಬಡಿತ ಬಂದು ಹೋಗುತ್ತದೆ. ಮಾತು ಸರಿಯೇ. ಆದರೆ ಗ್ರೀಕ್ ಮೂಲದ ಆ ಪದಕ್ಕೂ ತಾಳ ಇಲ್ಲದ್ದು ಅನ್ನುವುದೇ ಅರ್ಥ, ಅದರಲ್ಲೂ ಇದೇ ಕೊರತೆ ಇದೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕೂ ಸೇರಿಸಿ ‘ಬಡಿತದ ತೊಂದರೆ’ ಸಾಕು. ‘ತಾಳ ತಪ್ಪು’ ಅದರೊಳಗಿನ ಒಂದು ಬಗೆ.

ಫಿಬ್ರಿಲೇಶನ್ನಿಗೆ ‘ಕಂಪನ’ ಅನ್ನುವುದಕ್ಕೂ ನನ್ನ ವಿರೋಧ ಇದೆ. ಮೇಲಿನ ಕೋಣೆಯ ಕಂಪನ ಇಟ್ಟುಕೊಂಡು ಜನ ವರ್ಷಗಟ್ಟಲೆ ಹೊಲ ಮನೆ ಅಂತ ಓಡಾಡುತ್ತಾರೆ. ಕೆಳಗಿನ ಕೋಣೆಯದು (ಪುಸ್ತಕದ ಹೃತ್ಕುಕ್ಷಿ) ಬಂದರೆ ಕೂಡಲೇ ಶಾಕ್ ಕೊಡದಿದ್ದರೆ ನಿಮಿಷಗಳಲ್ಲಿ ಜೀವ ಹೋಗುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟು, ಹಿಂದೆ ಕರ್ಣ, ಕುಕ್ಷಿ ಅಂಟಿಸಿದರೆ ಮನೆಯವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಇನ್ನೊಂದು ಪದ ‘ರಕ್ತ ತೆಳು ಮಾಡುವ ಗುಳಿಗಿ’. ಸ್ಟೆಂಟ್ ಮುಚ್ಚದಿರಲಿ ಅಂತ ಆಸ್ಪಿರಿನ್, ಕ್ಲೋಪಿಡೊಗ್ರೆಲ್. ತಾಳ ತಪ್ಪಿದ ಎದೆಯಲ್ಲಿ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ಅಥವಾ ಅಪಿಕ್ಸಬಾನ್. ಎಲ್ಲಕ್ಕೂ ಇದೊಂದೇ ಹೆಸರು. ‘ತೆಳು ಮಾಡೋದು ಎರಡೆರಡು ಯಾಕ’ ಅಂತ ಮನೆಯಲ್ಲಿ ತಾವೇ ಒಂದನ್ನು ಬಿಟ್ಟುಬಿಡುತ್ತಾರೆ. ಮೂರೂ ಕೂಡಿದರೆ ರಕ್ತ ಸೋರುವ ಭಯ ಜಾಸ್ತಿ ಅಂತ ಡಾಕ್ಟರೇ ಸಾಮಾನ್ಯವಾಗಿ ಆಸ್ಪಿರಿನ್ನನ್ನು ಬೇಗ ನಿಲ್ಲಿಸುತ್ತಾರೆ, ಆದರೆ ಅದು ಅವರು ಹೇಳಬೇಕಾದ ಮಾತು. ನಿಜಕ್ಕೂ ಇವು ರಕ್ತವನ್ನು ತೆಳು ಮಾಡುವುದೂ ಇಲ್ಲ. ಹಾಳೆಯಲ್ಲಿ ‘ಸ್ಟೆಂಟಿನ ಗುಳಿಗಿ’, ‘ಹೆಪ್ಪು ತಡೆಯುವ ಗುಳಿಗಿ’ ಅಂತ ಬೇರೆ ಮಾಡಿದ್ದೇನೆ. ‘ಗುಳಿಗೆ’ ಅಂತ ತಿದ್ದುವವರಿದ್ದರೆ ದಯವಿಟ್ಟು ಬೇಡ.

ಈಗ ನನ್ನ ಪ್ರಶ್ನೆಗಳು. ‘ತಾಳ ತಪ್ಪು’ ಅನ್ನುವುದನ್ನು ನಿಮ್ಮ ಕಡೆ ಯಾರಾದರೂ ಎದೆಗೆ, ನಾಡಿಗೆ ಬಳಸಿದ್ದನ್ನು ಕೇಳಿದ್ದೀರಾ? ಔರಾದ್, ಬಸವಕಲ್ಯಾಣದ ಕಡೆಯವರು ‘ಧಸಕ್’ ಬದಲು ಮರಾಠಿ ಕಡೆಯ ಬೇರೆ ಪದ ಹೇಳುತ್ತಾರೆಯೇ? ತೆಲುಗು ಬಲ್ಲ ಗುರುಮಠಕಲ್ ಮಂದಿ ‘ಗುಂಡೆ’ಗೆ (ತೆಲುಗಿನಲ್ಲಿ ಹೃದಯ) ಯಾವ ಕ್ರಿಯಾಪದ ಹಚ್ಚುತ್ತಾರೆ? ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್ ಅಕ್ಕಂದಿರು ಯಾರಾದರೂ ಇಲ್ಲಿದ್ದರೆ ಅವರ ಉತ್ತರ ಮೊದಲು ಬರಲಿ.