ಅಲಾಯ್ ವೀಲ್‌ಗೆ ಹಳೆ ಪ್ರೆಷರ್ ಸೆನ್ಸರ್ ಹಾಕಬಹುದಾ? ಮಾಡಿಸಿದವರು ಹೇಳಿ

ಬದಿಯಡ್ಕ 2019: ಎಲ್ಲರಿಗೂ ನಮಸ್ಕಾರ. ಕಾರಿನಲ್ಲಿ ಈಗ ಇರುವುದು 16 ಇಂಚಿನ ಕಬ್ಬಿಣದ ವೀಲ್, 205/65 ಟಯರ್. 17 ಇಂಚಿನ ಕಂಪೆನಿ ಅಲಾಯ್ ಸೆಕೆಂಡ್ ಹ್ಯಾಂಡ್ ಸಿಕ್ಕಿದೆ. ಅದಕ್ಕೆ 215/60 ಹೊಸ ಟಯರ್ ಹಾಕಿಸುವ ಆಲೋಚನೆ. ಟಯರಿನ ಗಾಳಿ ಎಷ್ಟಿದೆ ಅಂತ ಕಾರಿಗೆ ತಿಳಿಸುವ, ಹಳೆ ವೀಲ್ ಒಳಗಿನ ಸೆನ್ಸರ್ ತೆಗೆದು ಇದಕ್ಕೆ ಹಾಕಿದರೆ ಸಾಕಾ, ಹೊಸದೇ ಬೇಕಾ? ಹಳೆ ವೀಲ್ ನಟ್ ಆಗುತ್ತದಾ?

ಪೆರ್ಲದವ: ಹಳೆಯದು ಬೇಡವೇ ಬೇಡ ಮಾರಾಯ್ರೆ. ಸರಿ ಇರುವ ಸೆನ್ಸರ್ ಬಿಟ್ಟು ಸುಮ್ನೆ ಒಂದಕ್ಕೆ 2,650 ಯಾಕೆ ಕೊಡುವುದು ಅಂತ ನಾನೂ ಲೆಕ್ಕ ಹಾಕಿದ್ದೆ. 2025ರ ಆಗಸ್ಟ್‌ನಲ್ಲಿ ಮಾಡಿಸಿದ್ದು. ಒಳಗೆ ಸೆನ್ಸರ್ ಉಂಟು ಅಂತ ಅಂಗಡಿಯ ಹುಡುಗನಿಗೆ ಮೂರು ಸಲ ಹೇಳಿದೆ. ಅವನು ಫೋನಿನಲ್ಲಿ ಮಾತಾಡುತ್ತಾ ಮೊದಲನೇ ವೀಲನ್ನೇ ಮೆಷಿನ್‌ಗೆ ಇಟ್ಟು ಸರಿಯಾಗಿ ಸೆನ್ಸರ್ ಕೂತಿರುವ ವಾಲ್ವ್ ಕಡೆಗೇ ಒತ್ತಿದ. ಚಟ್ ಅಂತ ಕೇಳಿಸಿತು. ಟಯರ್ ಬಿಚ್ಚಿ ಕೈ ಹಾಕಿದರೆ ಬೆಂಕಿಪೊಟ್ಟಣಕ್ಕಿಂತ ಸಣ್ಣ ಕಪ್ಪು ಡಬ್ಬಿ ಎರಡು ತುಂಡಾಗಿತ್ತು. "ಇದು ಮೊದಲೇ ಒಡೆದಿತ್ತು ಅಣ್ಣ" ಅಂದ!

ಉಳಿದ ಮೂರೂ ಒಂದರ ಹಿಂದೆ ಒಂದು ಸತ್ತವು. ನವೆಂಬರ್, ಜನವರಿ, ಮಾರ್ಚ್. ಬ್ಯಾಟರಿ ಒಳಗೇ ಸೀಲ್ ಆಗಿರುತ್ತದೆ, ಬದಲಿಸಲಿಕ್ಕೆ ಆಗುವುದಿಲ್ಲ. ಪ್ರತಿ ಸಲ ಸೆನ್ಸರ್ 2,650, ಟಯರ್ ಬಿಚ್ಚಿ ಹಾಕಲಿಕ್ಕೆ 200, ಬ್ಯಾಲೆನ್ಸಿಂಗ್ 150. ಒಂದಕ್ಕೆ ಸರಿಯಾಗಿ 3,000. ನಾಲ್ಕಕ್ಕೆ 12,000, ಪೇಟೆಗೆ ಹೋಗಿಬಂದ ಪೆಟ್ರೋಲ್ ಬೇರೆ. ಇನ್ನೂ ಹೊಟ್ಟೆ ಉರಿಯುವುದು ಟಯರಿನದ್ದು. ಒಂದಕ್ಕೆ 8,200 ಕೊಟ್ಟಿದ್ದೆ. ಸೆಪ್ಟೆಂಬರ್ 22ಕ್ಕೆ ಟಯರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಒಂದು ತಿಂಗಳು ತಡೆದಿದ್ದರೆ ನಾಲ್ಕಕ್ಕೆ 2,560 ರೂಪಾಯಿಯಷ್ಟು ಉಳಿಯುತ್ತಿತ್ತು.

ಉಪ್ಪಳ ಗೇಟ್: ಇಷ್ಟೆಲ್ಲ ರಾಮಾಯಣ ಯಾಕೆ? ನಾನು ಹೊರಗಿನಿಂದ ತಿರುಗಿಸಿ ಹಾಕುವ ಕ್ಯಾಪ್ ಸೆನ್ಸರ್ ತೆಗೆದುಕೊಂಡೆ. ಡಿಸ್‌ಪ್ಲೇ ಸೇರಿ ನಾಲ್ಕಕ್ಕೆ 2,900. ಬ್ಯಾಟರಿ ಹೋದರೆ ಮನೆಯಲ್ಲೇ ಬದಲಿಸಬಹುದು. ಮೂರು ವರ್ಷ ಆಯ್ತು. ಟಯರ್ ಅಂಗಡಿಯವರ ಮುಖ ನೋಡುವ ಗೋಜೇ ಇಲ್ಲ.

ಪೆರ್ಲದವ: ನಾಲ್ಕೂ ಈಗಲೂ ಇದೆಯಾ?

ಉಪ್ಪಳ ಗೇಟ್: ಒಂದು ರೈಲ್ವೆ ಸ್ಟೇಷನ್ ಹತ್ತಿರ ನಿಲ್ಲಿಸಿದ್ದಾಗ ಯಾರೋ ಬಿಚ್ಚಿಕೊಂಡು ಹೋದರು. ಅದು ಸೆನ್ಸರಿನ ತಪ್ಪಾ?

ಮಂಜೇಶ್ವರ ಕಡಪ್ಪುರ: ಕ್ಯಾಪ್ ಸೆನ್ಸರ್ ಹಾಕುವವರು ಸಮುದ್ರದ ಹತ್ತಿರ ಇದ್ದರೆ ಎರಡು ಸಲ ಆಲೋಚಿಸಿ. ನನ್ನದು ಅಲ್ಯೂಮಿನಿಯಂ ವಾಲ್ವ್, ಕ್ಯಾಪಿನ ಒಳಗೆ ಹಿತ್ತಾಳೆಯ ತಿರುಪು. ಎರಡು ಮಳೆಗಾಲ ಕಳೆದ ಮೇಲೆ ಬಿಳಿ ಹುಡಿ ಹಿಡಿದು ಅಂಟಿಕೊಂಡಿತು. ಕೈಯಲ್ಲಿ ಆಗಲಿಲ್ಲ, ತೆಂಗಿನೆಣ್ಣೆ ಬಿಟ್ಟೆ, ಆಗಲಿಲ್ಲ. ಇಕ್ಕಳ ಹಾಕಿ ತಿರುಗಿಸಿದ್ದೇ ವಾಲ್ವ್ ಬುಡದಲ್ಲೇ ಕಿತ್ತು ಬಂತು. ಬುಸ್ ಅಂತ ಇದ್ದ ಗಾಳಿಯೆಲ್ಲ ಮುಖಕ್ಕೆ. ಅಂಗಳದಲ್ಲಿ ಅಡಿಕೆ ಒಣಗಿಸುತ್ತಿದ್ದ ಅತ್ತೆ ಹಾವೆಂದು ಒಳಗೆ ಓಡಿದರು. ಆ ವಾಲ್ವ್ ಜೊತೆ ಒಳಗಿನ ಕಂಪೆನಿ ಸೆನ್ಸರ್ ಕೂಡ ಹೋಯ್ತು.

ಉಪ್ಪಳ ಗೇಟ್: ಒಳಗೆ ಸೆನ್ಸರ್ ಇದ್ದೂ ಹೊರಗೆ ಇನ್ನೊಂದು ಹಾಕಿದ್ದು ಯಾಕೆ ಸ್ವಾಮಿ?

ಮಂಜೇಶ್ವರ ಕಡಪ್ಪುರ: ಒಳಗಿನದರ ಮೇಲೆ ನಂಬಿಕೆ ಇರಲಿಲ್ಲ.

ಮುಳ್ಳೇರಿಯ ಟಯರ್: 22 ವರ್ಷದಿಂದ ನನಗೆ ಇದೇ ಕೆಲಸ. ಹುಡುಗರನ್ನು ಬೈಯುವ ಮೊದಲು ಸ್ವಲ್ಪ ಕೇಳಿ. ಸೆನ್ಸರ್ ತೆಗೆದು ಹಾಕುವಾಗ ವಾಲ್ವಿನ ರಬ್ಬರ್ ವಾಷರ್, ನಟ್, ಒಳಗಿನ ಪಿನ್ ಎಲ್ಲ ಹೊಸದು ಹಾಕಬೇಕು. ಪಿನ್ ನಿಕ್ಕಲ್ ಲೇಪದ್ದೇ ಆಗಬೇಕು. ಮಾಮೂಲಿ ಹಿತ್ತಾಳೆ ಪಿನ್ ಹಾಕಿದರೆ ಅಲ್ಯೂಮಿನಿಯಂ ಜೊತೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಮೇಲಿನ ಮುಚ್ಚಳವೂ ಪ್ಲಾಸ್ಟಿಕ್‌ನದ್ದೇ ಇರಲಿ. ಈ ಕಿಟ್‌ಗೆ ಒಂದಕ್ಕೆ 250 ಅಂದರೆ ಗಿರಾಕಿಗಳು ನನ್ನನ್ನು ಕಳ್ಳನ ಹಾಗೆ ನೋಡುತ್ತಾರೆ. ಆಮೇಲೆ ಗಾಳಿ ಇಳಿಯುತ್ತದೆ ಅಂತ ಬಂದು ಜಗಳ.

ಪೆರ್ಲದವ: ನನಗೆ ಕಿಟ್ ಅಂತ ಯಾರೂ ಹೇಳಲೇ ಇಲ್ಲ. ಹೇಳಿದ್ದರೆ ಕೊಡುತ್ತಿದ್ದೆ.

ಮುಳ್ಳೇರಿಯ ಟಯರ್: ಎಲ್ಲರೂ ಹಾಗೇ ಹೇಳುವುದು.

ಪೆರ್ಲದವ: ಎಲ್ಲರೂ ಅಂದರೆ ಯಾರು? ಒಡೆದದ್ದು ನಿಮ್ಮಂಥವರ ಮೆಷಿನ್‌ನಲ್ಲೇ ಅಲ್ವಾ?

ಕುಂಬಳೆ ಗಲ್ಫ್: ನನ್ನ ಕಥೆ ಬೇರೆ. ದುಬೈಯಿಂದ ಭಾವ ನಾಲ್ಕು ಹೊಸ ಸೆನ್ಸರ್ ತಂದರು, ಅಗ್ಗಕ್ಕೆ. ಟಯರ್ ಹಾಕಿ, ಬ್ಯಾಲೆನ್ಸಿಂಗ್ ಮಾಡಿ, ಸ್ಕ್ಯಾನರ್ ಹಿಡಿದರೆ ಕಾರು ಮಾತೇ ಆಡುವುದಿಲ್ಲ. ಸೆನ್ಸರ್ ಕಾರಿಗೆ ಸುದ್ದಿ ಕಳಿಸುವ ರೇಡಿಯೋ ಫ್ರೀಕ್ವೆನ್ಸಿ ನನ್ನ ಕಾರಿನದ್ದು 433 ಮೆಗಾಹರ್ಟ್ಸ್, ಭಾವ ತಂದದ್ದು 315. ಡಬ್ಬಿಯ ಮೇಲೆ ಬರೆದೇ ಇತ್ತು, ನೋಡಿದವರು ಯಾರು? ನಾಲ್ಕೂ ಮತ್ತೆ ಬಿಚ್ಚಿಸಿದೆ, ಕೂಲಿ 1,400. ಭಾವನಿಗೆ ಇವತ್ತಿಗೂ ಹೇಳಿಲ್ಲ. ಡಬ್ಬಿಗಳು ಅಟ್ಟದಲ್ಲಿ ಇವೆ.

ಪಾಣತ್ತೂರು ರೂಟ್: ಯಾರೂ ನೈಟ್ರೋಜನ್ ಬಗ್ಗೆ ಹೇಳಲಿಲ್ಲ. ನಾನು ತಿಂಗಳಿಗೆ ಎರಡು ಸಲ ಭಾಗಮಂಡಲಕ್ಕೆ ಘಾಟಿ ಹತ್ತುವವ. ನೈಟ್ರೋಜನ್ ಹಾಕಿದ ಮೇಲೆ ಪ್ರೆಷರ್ ಅಲ್ಲಾಡುವುದಿಲ್ಲ.

ಮುಳ್ಳೇರಿಯ ಟಯರ್: ನೈಟ್ರೋಜನ್ ಕೂಡ ಬಿಸಿಗೆ ಹಿಗ್ಗುತ್ತದೆ ಅಣ್ಣ. ಮಾಮೂಲಿ ಗಾಳಿಯಲ್ಲೇ 78 ಶೇಕಡಾ ಅದೇ ಇರುವುದು. 50 ರೂಪಾಯಿ ಕೊಟ್ಟು ಉಳಿದ 22 ಶೇಕಡಾ ತೆಗೆದುಕೊಳ್ಳುತ್ತಿದ್ದೀರಿ.

ಪಾಣತ್ತೂರು ರೂಟ್: ಮಾರುವವರೇ ಹೀಗೆ ಹೇಳಿದರೆ ಅಂಗಡಿ ಎದುರು ನೈಟ್ರೋಜನ್ ಅಂತ ಹಸಿರು ಬೋರ್ಡ್ ಯಾಕೆ ಹಾಕುತ್ತೀರಿ?

ಮುಳ್ಳೇರಿಯ ಟಯರ್: ನನ್ನ ಅಂಗಡಿಯಲ್ಲಿ ಬೋರ್ಡ್ ಇಲ್ಲ. ಬಂದು ನೋಡಿ.

ಉಪ್ಪಳ ಗೇಟ್: ಇವರಿಗಿಂತ ಮಂಗಳೂರಿಗೆ ಹೋಗುವುದೇ ವಾಸಿ. ಟೋಲ್ ಹೋದರೂ ಕೆಲಸ ನೀಟ್.

ಕುಂಬಳೆ ಗಲ್ಫ್: ತಲಪಾಡಿ ಟೋಲ್ ಕೊಟ್ಟು ಹೋಗಿ, ಬರುವಾಗ ಮೀನೂಟ ಮಾಡಿ, ಕೊನೆಗೆ 200 ಉಳಿಯಿತು ಅನ್ನುವವರು ನೀವು.

ಬದಿಯಡ್ಕ 2019: ನಟ್ ವಿಷಯ ಯಾರಾದರೂ ಹೇಳಿ. ನಾಳೆ ಬೆಳಿಗ್ಗೆ ವೀಲ್ ತರಲಿಕ್ಕೆ ಹೋಗುವುದು.

ಮುಳ್ಳೇರಿಯ ಟಯರ್: ನಟ್ ಕೂರುವ ಜಾಗ ಕೋನ್ ಆಕಾರವಾ, ಗುಂಡಾ ಅಂತ ನೋಡಿ. ನಟ್ ಅದಕ್ಕೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಓಡುವಾಗ ಸಡಿಲ ಆಗುತ್ತದೆ. ಸ್ಟೆಪ್ನಿ ಹಳೆ 16ರದ್ದೇ ಉಳಿಯುತ್ತದೆ ಅಲ್ವಾ, ಅದಕ್ಕೆ ಅದರದ್ದೇ ನಟ್ ಬೇಕಾಗಬಹುದು, ಎಸೆಯಬೇಡಿ. ನಿಮ್ಮ ಹೆಸರಿನಲ್ಲಿರುವ ಹಾಗೆ ಕಾರು 2019ರದ್ದಾದರೆ ಸೆನ್ಸರ್ ಏಳು ವರ್ಷದ್ದು, ನಾನಾದರೆ ಹೊಸದೇ ಹಾಕುವುದು.

ಪೆರ್ಲದವ: ಅದನ್ನೇ ನಾನು ಮೊದಲು ಹೇಳಿದ್ದು. ಮತ್ತೆ, ಮೇಲಿನ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿತ್ತು. ವಾಲ್ವ್ ಮುಚ್ಚಳ ನಾಲ್ಕು, 80 ರೂಪಾಯಿ.